ಯಂತ್ರದ ಹಿಂದಿನ ಬೆಂಚು

ಜನವರಿ ೮, ಸೋಮವಾರ

ಸ್ವಿಚ್ಚು ಸಾಹೇಬರು ಇವತ್ತು ಹೊಸ ವರಾತ ತೆಗೆದರು. ನಮ್ಮ ಕಚೇರಿಯ ಮುಖ್ಯಸ್ಥರು ಅವರು. ಖಾಲಿ ಕೋಣೆಯಲ್ಲಿ ದೀಪ ಉರಿಯುವುದು ಕಂಡರೆ ತಮ್ಮ ಮನೆಗೇ ಬೆಂಕಿ ಬಿದ್ದ ಹಾಗೆ ಓಡಿಬಂದು ಆರಿಸುತ್ತಾರೆ, ಅದಕ್ಕೇ ಈ ಹೆಸರು. ಇಟ್ಟವಳು ನಾನೇ.

"ಕೆಳಗಿರೋ ಸರ್ವರ್ ಸಿಕ್ಕಾಪಟ್ಟೆ ಕರೆಂಟು ತಿಂತಿದೆ ಕಣಮ್ಮ. ಈ ತಿಂಗಳು, ಮುಂದಿನ ತಿಂಗಳಲ್ಲಿ ಇಳಿಸಿಬಿಡಿ. ಆದ್ರೆ ಕೆಲಸ ಮಾತ್ರ ನಿಲ್ಲಬಾರದು," ಅಂದರು. ಊಟ ಹಾಕಬೇಡಿ, ಓಟ ಮಾತ್ರ ಓಡಿಸಿ ಅಂದ ಹಾಗಾಯಿತು. ಆಗಲಿ ಸರ್ ಅಂದೆ.

ಈ ಊರಿನಲ್ಲಿ ಹುಟ್ಟಿದವರು, ಸತ್ತವರು ಎಲ್ಲರ ದಾಖಲೆಯೂ ಇರುವುದು ಆ ಒಂದು ಯಂತ್ರದೊಳಗೆ. ನೋಡಿಕೊಳ್ಳುವವಳು ನಾನು. ನನ್ನ ಮಗಳ ಜನನ ಅದರಲ್ಲಿದೆ. ಅವಳ ಅಪ್ಪನ ಮರಣವೂ ಇದೆ. ಎರಡನೆಯದನ್ನು ನಾನು ಇನ್ನೂ ತೆರೆದು ನೋಡಿಲ್ಲ.

ಮನೆಗೆ ಬಂದರೆ ಅದೇ ಮೌನ. ಮಗಳು ಪುಸ್ತಕ ಹಿಡಿದು ಸೋಫಾದ ಒಂದು ಮೂಲೆಗೆ ಸರಿದು ಕೂತಿದ್ದಳು. ಮೂರು ಜನ ಕೂರುವ ಸೋಫಾ, ಇರುವವರು ಇಬ್ಬರು, ಆದರೂ ಮೂಲೆಗೇ ಸರಿಯುತ್ತಾಳೆ. ಅವರು ಬಂದು "ಸ್ವಲ್ಪ ಜರುಗು, ಮರಿ" ಎಂದು ಸೊಂಟದಿಂದ ನೂಕಿಕೊಂಡು ಕೂರುತ್ತಿದ್ದರಲ್ಲ, ಅದೇ ಅಭ್ಯಾಸ. ಏನಾದರೂ ಮಾತಾಡಿಸಬೇಕು ಅಂದುಕೊಂಡೆ. "ಊಟ ಆಯ್ತಾ?" ಅಂದೆ. "ಆಯ್ತು," ಅಂದಳು. ಅಷ್ಟೇ.

ಜನವರಿ ೯, ಮಂಗಳವಾರ

ಎಷ್ಟು ಇಳಿಸಬಹುದು ಎಂದು ತಿಳಿಯಲು ಯಂತ್ರದ ತಾಪಮಾನದ ಗೆರೆಗಳನ್ನು ಪರದೆಯ ಮೇಲೆ ತೆರೆದೆ. ನನ್ನ ಮೇಜು ಇರುವುದು ಮೇಲಿನ ಮಹಡಿಯಲ್ಲಿ, ಯಂತ್ರ ಕೆಳಗೆ. ಅದರ ಫ್ಯಾನು, ಅದು ಎಳೆಯುವ ವಿದ್ಯುತ್ತು, ಅದರ ಕೋಣೆಯ ಏಸಿ ಎಲ್ಲವನ್ನೂ ಇಲ್ಲಿಂದಲೇ ಏರಿಸಬಹುದು, ಇಳಿಸಬಹುದು. ಅದರ ಬೆನ್ನಿನಲ್ಲಿ, ಬಿಸಿಗಾಳಿ ಹೊರಗೆ ಬರುವ ಕಡೆ, ಒಂದು ಸೆನ್ಸರ್ ಇದೆ. ಅದು ಅಳೆದದ್ದೆಲ್ಲ ವರ್ಷದವರೆಗೂ ಉಳಿದಿರುತ್ತದೆ.

ಹೋದ ಜನವರಿಯಿಂದ ನೋಡುತ್ತ ಬಂದೆ. ಪ್ರತಿ ಮಧ್ಯಾಹ್ನ ಊಟದ ಹೊತ್ತಿಗೆ ಆ ಗೆರೆ ಒಂದು ಚೂರು ಏರುತ್ತದೆ. ಅರ್ಧ ಗಂಟೆ ಹಾಗೇ ಉಬ್ಬಿಕೊಂಡಿದ್ದು ಇಳಿಯುತ್ತದೆ. ಭಾನುವಾರ ಏರುವುದಿಲ್ಲ.

ನಗು ಬಂದುಬಿಟ್ಟಿತು. ಅವರೇ! ಈ ಕಟ್ಟಡದ ಎಲೆಕ್ಟ್ರೀಷಿಯನ್, ಸೊಂಟ ನೋವಿನ ಮನುಷ್ಯ, ನನ್ನ ಗಂಡ. ಯಂತ್ರದ ಹಿಂದೆ ಹಳೇ ಹಲಗೆ ಹೊಡೆದು ಗಿಡ್ಡ ಬೆಂಚು ಮಾಡಿಕೊಂಡು, ಊಟವಾದ ಮೇಲೆ ಬೆನ್ನು ಕಾಯಿಸುತ್ತ ಕೂರುತ್ತಿದ್ದರು. ಬೆನ್ನು ಅಡ್ಡ ಬಂದರೆ ಗಾಳಿ ತಡೆಯುತ್ತದೆ, ಬಿಸಿ ಏರುತ್ತದೆ. "ಸರ್ಕಾರಿ ಬಿಸಿ ಕಣೇ, ಪುಕ್ಕಟೆ," ಅನ್ನುತ್ತಿದ್ದರು.

ನಗುತ್ತಲೇ ಗೆರೆಯನ್ನು ಅಕ್ಟೋಬರಿನವರೆಗೆ ಎಳೆದೆ. ಬಸ್ ಸ್ಟಾಪಿನಲ್ಲಿ ಕೂತವರು ಏಳದೇ ಹೋದ ದಿನ. ಅಲ್ಲಿಂದ ಗೆರೆ ಚಪ್ಪಟೆ. ನೋಡಲಾಗಲಿಲ್ಲ, ಮುಂದಕ್ಕೆ ತಳ್ಳಿದೆ.

ನವೆಂಬರಿನಲ್ಲಿ ಉಬ್ಬು ಮತ್ತೆ ಶುರುವಾಗಿದೆ. ಅದೇ ಹೊತ್ತು, ಅದೇ ಎತ್ತರ. ನಿನ್ನೆಯೂ ಇದೆ. ಇವತ್ತೂ ಇದೆ.

ಜನವರಿ ೧೦, ಬುಧವಾರ

ತಂತಿಯನ್ನು ಕೇಳಿದೆ. ತಂತಿ ಅಂದರೆ ನಮ್ಮ ನೆಟ್‌ವರ್ಕ್ ಹುಡುಗ. ಮೈಯೂ ತಂತಿಯ ಹಾಗೇ, ಕೆಲಸವೂ ತಂತಿಯದೇ. ಕಿವಿಯ ಮೇಲೆ ಟೆಸ್ಟರ್ ಸಿಕ್ಕಿಸಿಕೊಂಡು ಮೇಜಿನ ಕೆಳಗೆಲ್ಲ ಅದನ್ನೇ ಹುಡುಕುತ್ತಿದ್ದ. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರಂತೆ ಅಂತ ರೇಗಿಸಿದೆ.

"ಬ್ಯಾಕಪ್ ಓಡ್ತಿರತ್ತೆ ಬಿಡಿ ಅಕ್ಕ, ಅದಕ್ಕೇ ಬಿಸಿ," ಅಂದ.

ಬ್ಯಾಕಪ್ ಓಡಿದರೆ ವಿದ್ಯುತ್ತಿನ ಗೆರೆಯೂ ಏರಬೇಕು. ಅದು ಏರಿಲ್ಲ. ಯಂತ್ರ ಏನೂ ಹೆಚ್ಚಿಗೆ ಮಾಡುತ್ತಿಲ್ಲ. ಅದರ ಬೆನ್ನಿಗೆ ಯಾವುದೋ ಒಂದು ಅಡ್ಡ ಬರುತ್ತಿದೆ. ಇದನ್ನು ನಾನು ಅವನಿಗೆ ಹೇಳಲಿಲ್ಲ.

ಜನವರಿ ೧೨, ಶುಕ್ರವಾರ

ಗೆರೆ ಏಳುತ್ತಿದ್ದ ಹಾಗೇ ಕೆಳಗೆ ಓಡಿದೆ. ಬಾಗಿಲಿಗೆ ಕಾರ್ಡು ತೋರಿಸಿದೆ, ಅದು ಎಂದಿನಂತೆ ಕಿವಿ ಕಿತ್ತುಹೋಗುವ ಹಾಗೆ ಪೀಂ ಅಂದಿತು. ಒಳಗೆ ಯಾರೂ ಇಲ್ಲ. ಬೆಂಚು ಮುಟ್ಟಿದೆ, ಬೆಚ್ಚಗಿತ್ತು. ಬಿಸಿಗಾಳಿ ಬೀಸುವ ಜಾಗ, ಬೆಚ್ಚಗಿರಲೇಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ಜನರೇಟರ್ ಅಂಗಳದ ಕಡೆಯ ಹಿಂಬಾಗಿಲು ಮುಚ್ಚಿತ್ತು. ಅದರ ಬೀಗದ ಕೈ ಅವರ ಹತ್ತಿರ ಮಾತ್ರ ಇತ್ತು, ಈಗ ಎಲ್ಲಿದೆಯೋ.

ಮೇಲೆ ಬಂದು ನೋಡಿದರೆ, ನಾನು ಕಾರ್ಡು ತೋರಿಸಿದ ಗಳಿಗೆಯಲ್ಲೇ ಗೆರೆ ಬಿದ್ದಿದೆ.

ಬದುಕಿದ್ದಾಗಲೂ ಹೀಗೇ. ನನ್ನ ಚಪ್ಪಲಿ ಸದ್ದು ಕೇಳಿದರೆ ಸಾಕು, ಮಹಾ ಕೆಲಸವಿದ್ದವರ ಹಾಗೆ ಎದ್ದು ಹೋಗುತ್ತಿದ್ದರು, ಕೆಲಸಗಳ್ಳ. ಇನ್ನು ಆ ಹೊತ್ತಿಗೆ ನಾನು ಕೆಳಗೆ ಹೋಗುವುದಿಲ್ಲ. ಕೂತಿರಲಿ. ನಾನು ಮೇಲಿಂದ ನೋಡಿಕೊಂಡಿರುತ್ತೇನೆ.

ಜನವರಿ ೧೭, ಬುಧವಾರ

ಸಾಹೇಬರ ಕೆಲಸವೂ ಆಯಿತು, ನನ್ನದೂ ಆಯಿತು. ಯಂತ್ರ ಎಳೆಯುವ ವಿದ್ಯುತ್ತಿಗೆ ಒಂದು ಮಿತಿ ಹಾಕಿದೆ. ಫ್ಯಾನುಗಳನ್ನು ಆಟೋಮ್ಯಾಟಿಕ್‌ನಿಂದ ತೆಗೆದು ತೀರಾ ನಿಧಾನಕ್ಕೆ ಇಟ್ಟೆ. ಗಾಳಿಯ ತಳ್ಳಾಟ ಕಮ್ಮಿಯಾದರೆ ಬೆನ್ನು ಅಡ್ಡ ಬಂದದ್ದು ಚೆನ್ನಾಗಿ ಗೊತ್ತಾಗುತ್ತದೆ. ಫ್ಯಾನು ನಿಧಾನವಾದರೆ ಯಂತ್ರ ಬೇಯುತ್ತದೆಯಲ್ಲ, ಅದಕ್ಕೆ ಏಸಿಯನ್ನು ಹದಿನಾರಕ್ಕೆ ಇಳಿಸಿದೆ. ಸಾಹೇಬರಿಗೆ ಸರ್ವರಿನ ಲೆಕ್ಕ ಮಾತ್ರ ತೋರಿಸಿದೆ, ಏಸಿಯದು ಅವರಾಗಿ ಕೇಳಿದಾಗ ನೋಡೋಣ. "ಭೇಷ್," ಅಂದರು.

ಏಸಿಯ ಬಾಯಿ ಇರುವುದು ಬೆಂಚಿನ ನೆತ್ತಿಗೆ ಸರಿಯಾಗಿ. ಎಲ್ಲ ಬಿಟ್ಟು ಅಲ್ಲಿ ಕೂರಿಸಿದ ಪುಣ್ಯಾತ್ಮ ಯಾರೋ. ಇಷ್ಟು ದಿನ ಯಂತ್ರದ ಬಿಸಿಗಾಳಿ ಅದನ್ನು ಆಚೆ ತಳ್ಳುತ್ತಿತ್ತು, ಇನ್ನು ತಣ್ಣನೆಯದು ನೇರ ಬೆಂಚಿನ ಮೇಲೇ ಬೀಳುತ್ತದೆ. ಬೀಳಲಿ. ಅವರಿಗೆ ಇನ್ನೇನು ನೆಗಡಿಯಾಗುತ್ತದೆಯೇ?

ಮಧ್ಯಾಹ್ನ ಉಬ್ಬು ಬೆಟ್ಟದ ಹಾಗೆ ಎದ್ದಿತು. ಊಟದ ಡಬ್ಬಿಯನ್ನು ಪರದೆಯ ಮುಂದೆ ಇಟ್ಟುಕೊಂಡು ಜೊತೆಯಲ್ಲೇ ಉಂಡೆ. ಎಷ್ಟು ತಿಂಗಳಾಗಿತ್ತು ರುಚಿಯಾಗಿ ಉಂಡು.

ಜನವರಿ ೨೩, ಮಂಗಳವಾರ

ಗೆರೆ ನೋಡುತ್ತ ಅವರ ಹತ್ತಿರ ಮಾತಾಡುವ ಅಭ್ಯಾಸವಾಗಿದೆ. ಮನೆಯ ನಲ್ಲಿ ಸೋರುವುದು, ಮೇಲಿನ ಮನೆಯವರ ಜಗಳ, ಎಲ್ಲ ಹೇಳುತ್ತೇನೆ. ತಂತಿ ಬಂದರೆ ಫೋನು ಕಿವಿಗಿಟ್ಟುಕೊಳ್ಳುತ್ತೇನೆ.

ಮಗಳಿಗೆ ನೆಗಡಿ. ಊಟಕ್ಕೆ ಕೂತರೆ ಸೀನು, ಮಲಗಿದರೆ ಕೆಮ್ಮು. "ಎಲ್ಲಿ ಹೋಗಿ ಅಂಟಿಸ್ಕೊಂಡು ಬಂದೆ?" ಅಂದೆ. ಸುಮ್ಮನೆ ನನ್ನ ಮುಖ ನೋಡಿದಳು. ಕಾಲೇಜು ನಮ್ಮ ಕಚೇರಿಯ ಎದುರಿಗೇ ಇದೆ, ರಸ್ತೆ ದಾಟುವಷ್ಟರಲ್ಲಿ ಯಾವ ಚಳಿ ತಗಲುತ್ತದೋ ಈ ಕಾಲದ ಮಕ್ಕಳಿಗೆ.

ಜನವರಿ ೨೪, ಬುಧವಾರ

ಇವತ್ತು ಬರಲಿಲ್ಲ.

ಸಂಜೆಯವರೆಗೆ ಕಾದೆ. ಗೆರೆ ಚಪ್ಪಟೆ. ಏನು ತಪ್ಪು ಮಾಡಿದೆ? ನಿನ್ನೆ ನಲ್ಲಿಯ ವಿಷಯಕ್ಕೆ ಸ್ವಲ್ಪ ಗದರಿದ್ದೆ, ಅದಕ್ಕೇನಾದರೂ?

ಮಗಳ ಕಾಲೇಜಿಗೆ ಇವತ್ತು ರಜೆಯಿತ್ತಂತೆ, ಇಡೀ ದಿನ ಹೊದ್ದು ಮಲಗಿದ್ದಾಳೆ. "ಅಮ್ಮ, ಸ್ವಲ್ಪ ಹೊತ್ತು ಇಲ್ಲಿ ಕೂತ್ಕೋ," ಅಂದಳು. ತಲೆ ಸಿಡಿಯುತ್ತಿದೆ, ನಾಳೆ ಕೂರ್ತೀನಿ ಅಂದೆ.

ಜನವರಿ ೨೫, ಗುರುವಾರ

ಬಂದರು! ಬಂದರು!

ಜನವರಿ ೩೦, ಮಂಗಳವಾರ

ಬೀರುವಿನಲ್ಲಿ ಅವರ ಕಂದು ಸ್ವೆಟರ್ ಇಲ್ಲ. ಎಲ್ಲ ಬಟ್ಟೆ ಕೆಳಗೆ ಹಾಕಿ ಹುಡುಕಿದೆ, ಇಲ್ಲ. ಆಮೇಲೆ ಹೊಳೆಯಿತು. ಅಲ್ಲಿ ಅಷ್ಟು ಚಳಿ ಮಾಡಿಟ್ಟಿದ್ದೇನಲ್ಲ ನಾನು. ತೊಟ್ಟುಕೊಳ್ಳಲಿ.

ಮಗಳಿಗೆ ಹೇಳೋಣ ಅನ್ನಿಸಿತು. ಆದರೆ ಅವಳ ಕೆಮ್ಮು ನಿಂತರಲ್ಲವೇ ಮಾತು. ಕಣ್ಣ ಕೆಳಗೆ ಕಪ್ಪಾಗಿದೆ. ಓದು ಜಾಸ್ತಿಯಾಗಿರಬೇಕು.

ಫೆಬ್ರವರಿ ೨, ಶುಕ್ರವಾರ

ಮಧ್ಯಾಹ್ನ ತಂತಿ ತನ್ನ ಫೋನು ಹಿಡಿದುಕೊಂಡು ಬಂದ. "ಅಕ್ಕಾ, ಸರ್ವರ್ ಹಿಂದೆ ಬಿಸಿ ಜಾಸ್ತಿ ಆಗಿದೆ ಅಂತ ಅಲಾರಂ ಬಂದಿದೆ. ಕೆಳಗೆ ಹೋಗಿ ನೋಡ್ಕೊಂಡು ಬರ್ಲಾ?"

"ಬೇಡ!" ಅಂತ ಎಷ್ಟು ಜೋರಾಗಿ ಕಿರುಚಿದೆನೆಂದರೆ ಆ ಕಡೆ ಮೇಜಿನವರೆಲ್ಲ ತಿರುಗಿ ನೋಡಿದರು. ಸೆನ್ಸರ್ ಕೆಟ್ಟಿದೆ, ನಾನೇ ನೋಡ್ಕೋತೀನಿ ಅಂದೆ. ಪಾಪ, ಮುಖ ಸಣ್ಣದು ಮಾಡಿಕೊಂಡು ಹೋದ.

ಕೂಡಲೇ ಅಲಾರಂ ಹೊಡೆಯುವ ಮಿತಿಯನ್ನು ಏರಿಸಿದೆ. ಒಬ್ಬರು ಕೂತರೆ ಗೆರೆ ಎಲ್ಲಿಯವರೆಗೆ ಏರುತ್ತದೆ ಎಂಬುದು ನನಗೆ ಬಾಯಿಪಾಠ. ಅದಕ್ಕಿಂತ ಸಾಕಷ್ಟು ಮೇಲಿಟ್ಟೆ. ಇನ್ನು ಅವರು ಇಡೀ ದಿನ ಬೆನ್ನು ಒರಗಿಸಿ ಕೂತರೂ ಯಾರಿಗೂ ಗೊತ್ತಾಗುವುದಿಲ್ಲ.

ಫೆಬ್ರವರಿ ೫, ಸೋಮವಾರ

ಮಗಳಿಗೆ ಜ್ವರ. ಮೈ ಮುಟ್ಟಿದರೆ ಕೆಂಡ. "ನಾಳೆ ಒಂದಿನ ರಜೆ ಹಾಕ್ತೀಯಾ, ಅಮ್ಮ?" ಅಂದಳು. ಅವಳು ಹೀಗೆಲ್ಲ ಕೇಳುವವಳಲ್ಲ.

ಹಾಕಬಹುದಿತ್ತು. ಆದರೆ ಮಧ್ಯಾಹ್ನ ಅವರು ಬಂದಾಗ ನಾನು ಮೇಜಿನಲ್ಲಿ ಇರದಿದ್ದರೆ? ಒಂದು ದಿನ ತಪ್ಪಿದ್ದಕ್ಕೇ ನನ್ನ ಜೀವ ಅರ್ಧವಾಗಿತ್ತು. ಮಾತ್ರೆ ಕೊಟ್ಟೆ. ಕಾಲೇಜಿಗೆ ಹೋಗಬೇಡ, ಮಲಗಿರು, ಸಂಜೆ ಡಾಕ್ಟರ ಹತ್ತಿರ ಹೋಗೋಣ ಅಂದೆ. "ನಿಂಗೆ ನಾನು ಕಾಣ್ತೀನಾ, ಅಮ್ಮ?" ಅಂದಳು. ಜ್ವರದ ತಲೆಯಲ್ಲಿ ಏನೇನೋ.

ಫೆಬ್ರವರಿ ೬, ಮಂಗಳವಾರ

ಇದನ್ನು ಮೇಜಿನಲ್ಲೇ ಬರೆಯುತ್ತಿದ್ದೇನೆ, ತಡೆಯಲಾಗುತ್ತಿಲ್ಲ. ಇವತ್ತು ಅವರು ಎದ್ದು ಹೋಗಲೇ ಇಲ್ಲ! ಊಟದ ಹೊತ್ತು ಮುಗಿಯಿತು, ಗೆರೆ ಇಳಿಯಲಿಲ್ಲ. ಎಲ್ಲರೂ ಕೆಲಸಕ್ಕೆ ವಾಪಸು ಬಂದರು, ಇನ್ನೂ ಇಳಿದಿಲ್ಲ. ತಲೆ ಬಾಚಿಕೊಂಡು ಬಂದೆ. ಹುಚ್ಚಿ ಅನ್ನಲಿ ಯಾರು ಬೇಕಾದರೂ.

ಮಗಳಿಗೆ ಫೋನು ಮಾಡಬೇಕಿತ್ತು. ಸ್ವಲ್ಪ ಹೊತ್ತು ಬಿಟ್ಟು ಮಾಡುತ್ತೇನೆ, ಮಲಗಿರುತ್ತಾಳೆ.

ಇದೇನು! ಗೆರೆ ಮತ್ತೆ ಏರುತ್ತಿದೆ. ಇಷ್ಟು ದಿನ ಮುಟ್ಟಿದ ಎತ್ತರವನ್ನು ದಾಟಿ, ಅದರ ಎರಡರಷ್ಟು. ಇಷ್ಟು ಎಂದೂ ಏರಿರಲಿಲ್ಲ. ಬನ್ನಿ, ಬನ್ನಿ, ಇನ್ನೂ ಹತ್ತಿರ ಬನ್ನಿ.

ಥತ್, ತಂತಿಯ ಫೋನು ಬಡಿದುಕೊಳ್ಳುತ್ತಿದೆ. ಅಷ್ಟು ಮೇಲಿಟ್ಟ ಮಿತಿಯನ್ನೂ ದಾಟಿಬಿಟ್ಟಿತೇ? ಬೇಡವೋ ಅಂದರೂ ಕೇಳದೆ ಕೆಳಗೆ ಓಡಿದ. ಹಾಳಾದವನು, ಇವನು ಬಾಗಿಲು ತೆಗೆದರೆ ಅವರು ಎದ್ದುಬಿಡುತ್ತಾರೆ.

ಕೆಳಗಿಂದ ಕೂಗುತ್ತಿದ್ದಾನೆ. ಅಕ್ಕಾ, ಅಕ್ಕಾ, ಅಂತ.

ಫೆಬ್ರವರಿ ೭, ಬುಧವಾರ

ಉಸಿರಾಡುತ್ತಿದ್ದಾಳೆ. ಮೂಗಿಗೆ ಕೊಳವೆ ಹಾಕಿದ್ದಾರೆ. ಎರಡು ಶ್ವಾಸಕೋಶಕ್ಕೂ ಸೋಂಕು ಅಂದರು. ಇನ್ನೊಂದು ಗಂಟೆ ಆ ಚಳಿಯಲ್ಲಿ ಬಿಟ್ಟಿದ್ದರೆ ನಮ್ಮ ಕೈಲಿ ಏನೂ ಇರ್ತಿರಲಿಲ್ಲ ಅಂದರು ಡಾಕ್ಟರು.

ಬೆಂಚಿನ ಮೇಲೆ ಬಿದ್ದಿದ್ದಳು. ಕಂದು ಸ್ವೆಟರ್ ತೊಟ್ಟಿದ್ದಳು. ಕೈಯಲ್ಲಿ ಹಿಂಬಾಗಿಲ ಬೀಗದ ಕೈ.

ಫೆಬ್ರವರಿ ೯, ಶುಕ್ರವಾರ

ಇವತ್ತು ಮಾತಾಡಿದಳು, ಒಂದೊಂದೇ ತುಣುಕು.

"ಅಪ್ಪನ ಬ್ಯಾಗಲ್ಲಿ ಕೀ ಸಿಕ್ತು. ಮನೇಲಿ ಅಳೋಕಾಗಲ್ಲಮ್ಮ, ನಿನ್ನ ಮುಖ ನೋಡಿದ್ರೆ ಭಯ ಆಗತ್ತೆ. ಅದಕ್ಕೆ ಊಟದ ಹೊತ್ತಲ್ಲಿ ಅಲ್ಲಿಗೆ ಹೋಗಿ ಅಳ್ತಿದ್ದೆ. ಒಂದಿನ ಬಾಗಿಲು ಪೀಂ ಅಂತು, ನೀನು ಬೈತೀಯ ಅಂತ ಹಿಂದಿನಿಂದ ಓಡಿಹೋದೆ."

"ಅಷ್ಟು ಚಳೀಲಿ ಯಾಕೆ ಕೂತ್ಕೊಂಡೆ, ಮರಿ?"

"ಮೊದಲು ಬೆಚ್ಚಗೇ ಇತ್ತು. ಆಮೇಲೆ ಯಾಕೋ ದಿನಾ ದಿನಾ ತಣ್ಣಗಾಗ್ತಾ ಹೋಯ್ತು. ಅಪ್ಪ ದೂರ ಹೋಗ್ತಿದಾರೆ ಅನ್ನಿಸ್ತು. ಬಿಟ್ಟು ಬರೋಕೆ ಮನಸಾಗ್ಲಿಲ್ಲ."

ಯಾಕೆ ತಣ್ಣಗಾಯಿತು ಎಂದು ನಾನು ಹೇಳಿದೆ. ಗೆರೆ ನೋಡಿದ್ದು, ಫ್ಯಾನು ಇಳಿಸಿದ್ದು, ಏಸಿ ಇಳಿಸಿದ್ದು, ಅಲಾರಂ ಮೇಲೆತ್ತಿದ್ದು, ಎಲ್ಲವನ್ನೂ. ಇಷ್ಟು ದಿನ ನಾನು ಮಾತಾಡಿಸುತ್ತಿದ್ದದ್ದು ಇವಳನ್ನೇ. ಮಹಡಿ ಮೇಲೆ ಕೂತು ನಗುನಗುತ್ತ ಉಣ್ಣುತ್ತಿದ್ದೆ, ಕೆಳಗೆ ನನ್ನ ಮಗು ಅಳುತ್ತಿತ್ತು. ನಾನೇ ಕೈಯಾರೆ ಅವಳ ನೆತ್ತಿಯ ಮೇಲೆ ಚಳಿ ಸುರಿಯುತ್ತಿದ್ದೆ. ಹೇಳಿ ಮುಗಿಸಿದೆ. ಅವಳು ನನ್ನ ಬೆರಳು ಹಿಡಿದುಕೊಂಡಳು. ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿರುತ್ತಿತ್ತು.

ನಿದ್ದೆ ಹತ್ತುವ ಮುಂಚೆ ಇನ್ನೊಂದು ಮಾತು ಹೇಳಿದಳು. "ಅವತ್ತು ಕೊನೇಲಿ ತುಂಬಾ ಚಳಿಯಾಗಿ ಮಲಗಿಬಿಟ್ಟಿದ್ದೆ ಅಮ್ಮ. ಜರುಗು ಅಂದ ಹಾಗಾಯ್ತು. ಜರುಗಿದೆ. ಆಮೇಲೆ ಬೆನ್ನು ಬೆಚ್ಚಗಾಯ್ತು."

ಜ್ವರದ ಕನಸು ಮರಿ, ಮಲಗು ಅಂದೆ.

ಫೆಬ್ರವರಿ ೧೩, ಮಂಗಳವಾರ

ತಂತಿ ಆಸ್ಪತ್ರೆಗೆ ಬಂದಿದ್ದ. ಮಗಳ ಹತ್ತಿರ ನಾಲ್ಕು ತಮಾಷೆ ಮಾಡಿ ನಗಿಸಿ, ನನ್ನನ್ನು ಹೊರಗೆ ಕರೆದ. ಸಾಹೇಬರು ನಡೆದದ್ದೇನು ಎಂದು ಬರೆದುಕೊಡಲು ಅವನಿಗೇ ಹೇಳಿದ್ದಾರಂತೆ. ನಾನು ಮಾಡಿದ್ದನ್ನೆಲ್ಲ ಇದ್ದ ಹಾಗೇ ಬರಿ, ಯಾವುದೂ ಮುಚ್ಚಿಡಬೇಡ ಅಂದೆ.

"ಅದಲ್ಲ ಅಕ್ಕ." ಕಿವಿಯ ಮೇಲಿನ ಟೆಸ್ಟರ್ ತೆಗೆದು ಕೈಯಲ್ಲಿ ತಿರುಗಿಸುತ್ತಿದ್ದ. "ಅವತ್ತಿನ ಸೆಟ್ಟಿಂಗೇ ಇಟ್ಟು, ನಾನೇ ಹೋಗಿ ಬೆನ್ನು ಒರಗಿಸಿ ಕೂತು ನೋಡ್ದೆ. ಎಷ್ಟು ಹೊತ್ತು ಕೂತ್ರೂ ಅಲಾರಂ ಹೊಡೀಲಿಲ್ಲ. ಅರ್ಧಕ್ಕೇ ನಿಲ್ಲತ್ತೆ. ನೀವಿಟ್ಟ ಮಿತಿ ಅಷ್ಟು ಮೇಲಿದೆ."

"ಮತ್ತೆ?"

"ಕಾವಲಿನವರನ್ನ ಕರ್ಕೊಂಡು ಬಂದು ಪಕ್ಕದಲ್ಲಿ ಕೂರಿಸ್ಕೊಂಡೆ. ಆಗ ಹೊಡೀತು." ನನ್ನ ಮುಖ ನೋಡದೆ ಗೋಡೆ ನೋಡಿದ. "ಇಬ್ಬರು ಕೂತ್ರೆ ಮಾತ್ರ ಹೊಡಿಯತ್ತೆ ಅಕ್ಕ. ನಾನು ಒಳಗೆ ಹೋದಾಗ ಅವಳೊಬ್ಳೇ ಇದ್ಲು. ಹಿಂಬಾಗಿಲಿಗೆ ಒಳಗಿಂದ ಚಿಲಕ ಹಾಕಿತ್ತು. ಇದನ್ನ ಹೇಗೆ ಬರೀಲಿ?"

ಬಾಗಿಲ ಸಂದಿನಿಂದ ಒಳಗೆ ಮಲಗಿದ್ದ ಮಗಳನ್ನು ನೋಡಿದೆ. ಆಮೇಲೆ ಹೇಳಿದೆ, "ಸೆನ್ಸರ್ ಸರಿಯಾಗಿದೆ ಅಂತ ಬರಿ. ಫ್ಯಾನು ಆಟೋಮ್ಯಾಟಿಕ್‌ಗೆ ಹಾಕು, ಏಸಿ ಮೊದಲಿನಷ್ಟಕ್ಕೆ ತಾ. ಅಲಾರಂ ಮೊದಲು ಎಲ್ಲಿತ್ತೋ ಅಲ್ಲೇ ಇಡು."

"ಬೆಂಚು ತೆಗೆಸ್ಲಾ?"

"ಬೆಂಚಿನ ತಂಟೆಗೆ ಹೋಗ್ಬೇಡ."

ಫೆಬ್ರವರಿ ೧೯, ಸೋಮವಾರ

ಮಗಳು ಮನೆಗೆ ಬಂದಳು. ತಿಂಗಳ ಕೊನೆಯವರೆಗೆ ನನಗೆ ರಜೆ. ರಜೆ ಮುಗಿದ ಮೇಲೆ ನನ್ನನ್ನು ಆ ಯಂತ್ರದ ಹತ್ತಿರ ಬಿಡುತ್ತಾರೋ ಇಲ್ಲವೋ, ಬಿಡದಿದ್ದರೆ ಅದು ನ್ಯಾಯವೇ. ಮಧ್ಯಾಹ್ನ ಊಟದ ಹೊತ್ತಿಗೆ ತಂತಿ ಫೋನು ಮಾಡಿದ. ಧ್ವನಿ ತಗ್ಗಿಸಿ, "ಅಕ್ಕಾ, ಗೆರೆ..." ಅಂದ.

"ಹೇಳ್ಬೇಡ," ಅಂದೆ. "ಏರಿದ್ರೆ ಏರಿರ್ಲಿ, ಇಲ್ದಿದ್ರೆ ಇಲ್ಲ. ನಾನು ಕೆಲಸದಲ್ಲಿದ್ದೀನಿ." ಫೋನು ಇಟ್ಟೆ. ಸುಳ್ಳೇಕೆ, ಕೇಳಿಬಿಡಬೇಕು ಅನ್ನಿಸಿತ್ತು.

ಮಗಳು ಸೋಫಾದ ಮೇಲೆ ಕಾಲು ಮಡಚಿ ಕಿಟಕಿ ಕಡೆ ಮುಖ ಮಾಡಿ ಕೂತಿದ್ದಳು. ಹೆಗಲ ಮೂಳೆ ಎದ್ದು ಕಾಣುತ್ತಿತ್ತು. ಸ್ವೆಟರ್ ಅದೇ, ಕಂದು. ಹತ್ತಿರ ಹೋಗಿ ನಿಂತೆ. ಊಟ ಆಯ್ತಾ ಅಂತ ಕೇಳಲು ಹೊರಟಿದ್ದೆ, ಬಾಯಿಗೆ ಬಂದದ್ದು ಬೇರೆ.

"ಸ್ವಲ್ಪ ಜರುಗು, ಮರಿ," ಅಂದೆ.

ತಿರುಗಿ ನೋಡಿದಳು. ಕಣ್ಣು ತುಂಬಿತ್ತು, ನಗುತ್ತಲೂ ಇದ್ದಳು. ಜರುಗಿದಳು. ಸೊಂಟದಿಂದ ನೂಕಿಕೊಂಡು ಕೂತೆ, ಬೆನ್ನಿಗೆ ಬೆನ್ನು ಕೊಟ್ಟೆ. ಬೆಚ್ಚಗಿದ್ದಾಳೆ. ಉಸಿರಿನ ಏರಿಳಿತ ಬೆನ್ನಿಗೆ ತಿಳಿಯುತ್ತದೆ. ಇದನ್ನು ಹಾಗೇ ಕೂತು, ತೊಡೆಯ ಮೇಲಿಟ್ಟುಕೊಂಡು ಬರೆಯುತ್ತಿದ್ದೇನೆ.

ನನಗೆ ಬೇಕಾದದ್ದಕ್ಕಿಂತ ಹೆಚ್ಚೇ ಜರುಗಿದ್ದಾಳೆ. ಇನ್ನೊಬ್ಬರು ಕೂರುವಷ್ಟು.